ಫ್ರಿಜ್ಜಿನಿಂದ ಲೆಕ್ಕ ಶುರು ಮಾಡಿ, ಅಕ್ಕೋರೇ

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಮನೆಯವರು ತಾಲೂಕು ಕಚೇರಿಯಲ್ಲಿದ್ದವರು, ಕಳೆದ ವರ್ಷ ನಿವೃತ್ತರಾದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಲಾಡ್ಜು ಹುಡುಕಿಕೊಂಡು ಅಲೆದದ್ದು ಸಾಕು, ಇನ್ನು ಗಾಡಿಯಲ್ಲೇ ಮಲಗುತ್ತ ನಿಧಾನಕ್ಕೆ ಊರು ನೋಡೋಣ ಎಂದು ಅವರು ನಮ್ಮ ಪೆಟ್ರೋಲ್ ಈಕೋ ಗಾಡಿಯ ಹಿಂದೆ ಹಾಸಿಗೆ ಮಾಡಿಸುತ್ತಿದ್ದಾರೆ. ದೀಪಾವಳಿ ಮುಗಿದ ಮೇಲೆ ಗೋಕರ್ಣ, ಮುರ್ಡೇಶ್ವರ, ಮರವಂತೆ ಕಡೆ ಹೊರಡುವ ಆಸೆ. ಒಂದೊಂದು ಕಡೆ ಎರಡೆರಡು ರಾತ್ರಿ. ಮಳೆಗಾಲದಲ್ಲಿ ಆಗುಂಬೆ. ಒಮ್ಮೆ ಲಡಾಖಿಗೂ ಹೋಗಬೇಕು ಅನ್ನುತ್ತಾರೆ.

ನನಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಅದಕ್ಕೆ ಫ್ರಿಜ್ಜು ಬೇಕು, ಫ್ರಿಜ್ಜಿಗೆ ಕರೆಂಟು ಬೇಕು. ಪೇಟೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವವನು ನನ್ನ ಹಳೇ ವಿದ್ಯಾರ್ಥಿ. 150 ಆಂಪಿಯರ್ ಟ್ಯೂಬುಲರ್ ಬ್ಯಾಟರಿ, ಮನೆಗೆ ಹಾಕುವ ಇನ್ವರ್ಟರ್, ಮೇಲೊಂದು 335 ವ್ಯಾಟಿನ ಸೋಲಾರ್ ಪ್ಯಾನೆಲ್ ಹಾಕಿಬಿಡೋಣ, ಇಂಡಕ್ಷನ್ ಒಲೆಯೂ ನಡೀತೈತಿ ಅನ್ನುತ್ತಾನೆ. ಮನೆಯವರು ಐದು ಸಾವಿರ ಮುಂಗಡವನ್ನೂ ಕೊಟ್ಟು ಬಂದಿದ್ದಾರೆ. ಮಗನನ್ನು ಕೇಳಿದರೆ ಟ್ಯೂಬುಲರ್ ಬೇಡವೇ ಬೇಡ, ಲಿಥಿಯಂ ತಗೊಳ್ಳಿ ಅನ್ನುತ್ತಾನೆ. ಲಿಥಿಯಂ ಅಂದರೆ ನನಗೆ ಸ್ಕೂಟರು ಹೊತ್ತಿ ಉರಿದ ಸುದ್ದಿಗಳೇ ನೆನಪಾಗುತ್ತವೆ. ಅದನ್ನು ಹಾಸಿಗೆಯ ಕೆಳಗಿಟ್ಟು ನಿದ್ದೆ ಮಾಡುವುದು ಹೇಗೆ? ಮುಂಗಡ ತಗೊಂಡ ಹುಡುಗನಿಗೆ ಬೇಡ ಅನ್ನುವುದು ಹೇಗೆ? ಹೊರಡುವ ಸಂಭ್ರಮವೆಲ್ಲ ಈ ಚಿಂತೆಯಲ್ಲೇ ಕರಗುತ್ತಿದೆ.
ಹೆಸರು ಬೇಡ, ಹಾವೇರಿ

ಉತ್ತರ: ಅಕ್ಕೋರೇ, ಇನ್ಸುಲಿನ್‌ಗೆ ಫ್ರಿಜ್ಜು, ಫ್ರಿಜ್ಜಿಗೆ ಕರೆಂಟು ಎಂದು ನೀವು ಬರೆದಿರುವ ಸಾಲಿನಲ್ಲೇ ಅರ್ಧ ಉತ್ತರ ಇದೆ. ಯೋಚಿಸಬೇಕಾದ ಕ್ರಮ ಅದೇ. ನಿಮ್ಮ ಮನೆಯವರು, ಮಗ, ಅಂಗಡಿಯ ಹುಡುಗ ಮೂವರೂ ಯಾವ ಬ್ಯಾಟರಿ, ಎಷ್ಟು ದೊಡ್ಡ ಪ್ಯಾನೆಲ್ ಎಂಬಲ್ಲಿಂದ ಮಾತು ಶುರು ಮಾಡಿದ್ದಾರೆ. ಪ್ಯಾನೆಲ್ಲು ಎಲ್ಲಕ್ಕಿಂತ ಕೊನೆಗೆ ಕೊಳ್ಳುವ ಸಾಮಾನು. ದಿನಕ್ಕೆ ಎಷ್ಟು ಖರ್ಚು, ಒಂದು ಕಡೆ ಎಷ್ಟು ಹೊತ್ತು ನಿಲ್ಲುತ್ತೀರಿ, ಮುಂದಿನ ಊರಿಗೆ ಎಷ್ಟು ತಾಸು ಗಾಡಿ ಓಡುತ್ತದೆ, ಈ ಮೂರು ಗೊತ್ತಾದರೆ ಉಳಿದದ್ದು ತಾನಾಗಿಯೇ ತೀರ್ಮಾನವಾಗುತ್ತದೆ.

ಒಂದು ಹಾಳೆ ತಗೊಳ್ಳಿ. ಎಷ್ಟು ವ್ಯಾಟ್ ಎಂಬುದನ್ನು ಎಷ್ಟು ತಾಸು ಎಂಬುದರಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ; ಅಂಥ 1000 ಸೇರಿದರೆ ನಿಮ್ಮ ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್. ಮೂವತ್ತು ಮೂವತ್ತೈದು ಲೀಟರಿನ, 12 ವೋಲ್ಟಿನಲ್ಲಿ ನೇರವಾಗಿ ಓಡುವ ಕಂಪ್ರೆಸರ್ ಫ್ರಿಜ್ಜು ಸುಮಾರು 45 ವ್ಯಾಟ್ ಎಳೆಯುತ್ತದೆ. ಕರಾವಳಿಯ ಸೆಕೆಗೆ ದಿನದಲ್ಲಿ ಅರ್ಧ ಹೊತ್ತು ಅದು ಓಡುತ್ತದೆ ಎಂದು ಹಿಡಿಯಿರಿ: 540. ಹದಿನೈದು ವ್ಯಾಟಿನ 12 ವೋಲ್ಟ್ ಫ್ಯಾನು ರಾತ್ರಿ ಒಂಬತ್ತು ತಾಸು: 135. ಐದೈದು ವ್ಯಾಟಿನ ಎರಡು ಎಲ್‌ಇಡಿ ದೀಪ ನಾಲ್ಕು ತಾಸು: 40. ಇಬ್ಬರ ಫೋನು: 30. ಒಟ್ಟು 745. ತಂತಿಯಲ್ಲಿ, ಚಾರ್ಜರಿನಲ್ಲಿ ಸೋರಿಹೋಗುವುದಕ್ಕೆಂದು ಐದರಲ್ಲೊಂದು ಪಾಲು ಸೇರಿಸಿದರೆ ಸುಮಾರು 900. ಅಂದರೆ ದಿನಕ್ಕೆ ಒಂದು ಯೂನಿಟ್ಟಿಗೂ ಕಡಿಮೆ, ಅದರಲ್ಲೂ ಬಹುಪಾಲು ಫ್ರಿಜ್ಜಿನದೇ. ಹಾಗಾಗಿ ದೀಪ ಆರಿಸಿ ಉಳಿತಾಯ ಮಾಡುವ ಯೋಚನೆ ಬಿಟ್ಟು ಫ್ರಿಜ್ಜನ್ನು ನೆರಳಿನಲ್ಲಿಡಿ, ಅದರ ಬೆನ್ನಿಗೆ ಗಾಳಿಯಾಡುವಷ್ಟು ಜಾಗ ಬಿಡಿ, ಮನೆಯ ಕರೆಂಟಿನಲ್ಲೇ ಹಿಂದಿನ ದಿನ ತಣ್ಣಗೆ ಮಾಡಿಕೊಂಡು ಹೊರಡಿ.

ಇಲ್ಲೊಂದು ಎಚ್ಚರಿಕೆ. ಕಾರ್ ಫ್ರಿಜ್ಜು ಎಂದು ಕಡಿಮೆ ಬೆಲೆಗೆ ಸಿಗುವ ಹಲವು ಡಬ್ಬಗಳಲ್ಲಿ ಕಂಪ್ರೆಸರ್ ಇರುವುದೇ ಇಲ್ಲ. ಅವು ಹೊರಗಿನ ಗಾಳಿಗಿಂತ ಹದಿನೈದು ಇಪ್ಪತ್ತು ಡಿಗ್ರಿಯಷ್ಟೇ ತಂಪು ಮಾಡಬಲ್ಲವು. ಹೊರಗೆ 35 ಇದ್ದರೆ ಒಳಗೆ 15ಕ್ಕಿಂತ ಕೆಳಗಿಳಿಯುವುದು ಕಷ್ಟ. ಅಷ್ಟೂ ಸಾಲದೆಂದು ಬಿಡುವಿಲ್ಲದೆ 50 ವ್ಯಾಟ್ ಎಳೆಯುತ್ತ ದಿನಕ್ಕೆ 1200 ನುಂಗುತ್ತವೆ. ತಂಪು ಪಾನೀಯಕ್ಕೆ ಸರಿ, ಇನ್ಸುಲಿನ್‌ಗೆ ಬೇಡ. ಕೊಳ್ಳುವಾಗ ಕಂಪ್ರೆಸರ್ ಇದೆಯೇ ಎಂದು ಕೇಳಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೀವೇ ಓದಿ.

ಇಂಡಕ್ಷನ್ ಒಲೆಯ ಆಸೆಯನ್ನು ಇಲ್ಲೇ ಬಿಟ್ಟುಬಿಡಿ. 1500 ವ್ಯಾಟಿನಲ್ಲಿ ಎರಡು ಹೊತ್ತು ಅರ್ಧರ್ಧ ತಾಸು ಅಡುಗೆ ಮಾಡಿದರೆ 1500 ವ್ಯಾಟ್-ಅವರ್. ಫ್ರಿಜ್ಜು, ಫ್ಯಾನು, ದೀಪ, ಫೋನು ಎಲ್ಲ ಸೇರಿದರೂ ಅದರ ಅರ್ಧಕ್ಕೆ ಬರುವುದಿಲ್ಲ. ಆ ಒಂದು ಒಲೆಗಾಗಿ ಬ್ಯಾಟರಿ ದೊಡ್ಡದಾಗಬೇಕು, ಇನ್ವರ್ಟರ್ ದೊಡ್ಡದಾಗಬೇಕು, ನೂರಕ್ಕೂ ಹೆಚ್ಚು ಆಂಪಿಯರ್ ತಡೆಯುವ ತಂತಿ ಬರಬೇಕು. ಛೋಟು ಎಂಬ ಹೆಸರಿನಲ್ಲಿ ಬರುವ 5 ಕೆಜಿ ಸಿಲಿಂಡರು, ಒಂದು ಒಲೆ ಸಾಕು. ಒಲೆ ಹಚ್ಚುವುದು ಮಾತ್ರ ಗಾಡಿಯ ಹೊರಗೆ, ಸಿಲಿಂಡರು ನೆಟ್ಟಗೆ ನಿಲ್ಲಿಸಿಕೊಂಡು. ಮಳೆ ಬಂತೆಂದು ಬಾಗಿಲು ಮುಚ್ಚಿಕೊಂಡು ಒಳಗೆ ಹಚ್ಚಿದರೆ ವಿಷಗಾಳಿ ತುಂಬಿಕೊಂಡು ಪ್ರಾಣಕ್ಕೇ ಕುತ್ತು. ಇನ್ನು ಮಿಕ್ಸಿ: ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೊರಡುವ ನಿಮ್ಮ ಕಡೆಯವರಿಗೆ ನಾಲ್ಕು ದಿನ ಮಿಕ್ಸಿ ಇಲ್ಲದೆ ನಡೆಯುತ್ತದೆ. ಇವೆರಡನ್ನು ಕೈಬಿಟ್ಟರೆ ನಿಮಗೆ ಇನ್ವರ್ಟರೇ ಬೇಡ. ಫ್ರಿಜ್ಜು, ಫ್ಯಾನು, ದೀಪ, ಫೋನು ನಾಲ್ಕೂ 12 ವೋಲ್ಟಿನಲ್ಲೇ ಓಡುತ್ತವೆ.

ಈಗ ಹುಡುಗ ಹೇಳಿದ ಸಾಮಾನಿಗೆ ಬರೋಣ. ಅವನು ಮೋಸ ಮಾಡುತ್ತಿಲ್ಲ. ಮನೆಗೆ ಹಾಕಿಕೊಡುವ ಲೆಕ್ಕವನ್ನೇ ಗಾಡಿಗೂ ಹಾಕಿದ್ದಾನೆ. 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ದುಡಿಯುತ್ತದೆ. ಆದರೆ ಅದರ ತೂಕ ಐವತ್ತು ಅರವತ್ತು ಕೆಜಿ. ಕಾಗದದ ಮೇಲೆ 1800 ವ್ಯಾಟ್-ಅವರ್ ಇದ್ದರೂ ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಕೈಗೆ ಸಿಗುವುದು 900. ಗುಂಡಿ ರಸ್ತೆಯಲ್ಲಿ ಆಸಿಡ್ ತುಳುಕುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಕಿಡಿ ತಗಲಿದರೆ ಸಿಡಿಯುವ ಅನಿಲ. ಮಲಗುವ ಕೋಣೆಯೂ ಅದೇ ಆಗಿರುವ ಗಾಡಿಯಲ್ಲಿ ಇದನ್ನು ಇಡಬೇಡಿ. ಮನೆಯ ಇನ್ವರ್ಟರನ್ನು ಸುಮ್ಮನೆ ಆನ್ ಮಾಡಿಟ್ಟರೂ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತಿರುತ್ತದೆ, ದಿನಪೂರ್ತಿ ಇಟ್ಟರೆ ಫ್ರಿಜ್ಜಿನ ಖರ್ಚಿನ ಅರ್ಧದಷ್ಟಾಗಬಹುದು.

335 ವ್ಯಾಟಿನ ಪ್ಯಾನೆಲ್ಲಿನ ಕಥೆ ಇನ್ನೂ ವಿಚಿತ್ರ. ಅದು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಇಪ್ಪತ್ತಕ್ಕೂ ಹೆಚ್ಚು ಕೆಜಿ. ಸುಮಾರು 38 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನ ಹತ್ತಿರ ಕೊಡುತ್ತದೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ಮಧ್ಯೆ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಇಟ್ಟರೆ ಅದು ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದುಬಿಡುತ್ತದೆ, ಆಂಪಿಯರ್ ಅಷ್ಟೇ ಉಳಿಯುತ್ತದೆ. ಒಂಬತ್ತು ಗುಣಿಸು ಹದಿಮೂರು, 117. ದುಡ್ಡು ಕೊಟ್ಟದ್ದು 335ಕ್ಕೆ, ಮಟಮಟ ಮಧ್ಯಾಹ್ನದಲ್ಲೂ ಸಿಗುವುದು 120ರ ಒಳಗೆ. ಎಂಪಿಪಿಟಿ ಕಂಟ್ರೋಲರ್ ಇದ್ದರೆ ಹೆಚ್ಚಿನ ವೋಲ್ಟೇಜನ್ನು ಆಂಪಿಯರಾಗಿ ಪರಿವರ್ತಿಸಿ ಕೊಡುತ್ತದೆ. ನೀವು ಯಾವ ಪ್ಯಾನೆಲ್ ಕೊಂಡರೂ ಕಂಟ್ರೋಲರ್ ಮಾತ್ರ ಎಂಪಿಪಿಟಿಯೇ ಇರಲಿ.

ಬ್ಯಾಟರಿಯ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದು ಸರಿ, ಆದರೆ ಲಿಥಿಯಂ ಎಂದಷ್ಟೇ ಹೇಳಿದರೆ ಸಾಲದು. ಅದರಲ್ಲಿ ಜಾತಿಗಳಿವೆ. ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಹೆಚ್ಚಾಗಿ ಇರುವುದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಸೆಲ್ಲುಗಳು. ಚಿಕ್ಕ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತವೆ, ಕಾದು ಕೆಟ್ಟರೆ ಬೇಗ ಹೊತ್ತಿಕೊಳ್ಳುತ್ತವೆ. ನಿಮಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಗಳಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. ಇದರ ಸೆಲ್ಲು ಬಿಸಿಯನ್ನು ಅದಕ್ಕಿಂತ ಬಹಳ ಚೆನ್ನಾಗಿ ತಾಳಿಕೊಳ್ಳುತ್ತದೆ, ಅಷ್ಟು ಸುಲಭವಾಗಿ ಬೆಂಕಿಗೆ ತಿರುಗುವುದಿಲ್ಲ. 12.8 ವೋಲ್ಟ್, 100 ಆಂಪಿಯರ್-ಅವರ್ ಅಂದರೆ 1280 ವ್ಯಾಟ್-ಅವರ್. ಅದರಲ್ಲಿ ತೊಂಬತ್ತು ಭಾಗ, ಸುಮಾರು 1150, ನಿಶ್ಚಿಂತೆಯಿಂದ ಬಳಸಬಹುದು. ತೂಕ ಹತ್ತರಿಂದ ಹದಿಮೂರು ಕೆಜಿ. ನೀವೇ ಎತ್ತಿ ಒಳಗೆ ತರಬಹುದು.

ಹಳೆಯ ಸೆಲ್ಲುಗಳನ್ನು ಜೋಡಿಸಿ ಹೊಸ ಬ್ಯಾಟರಿ ಎಂದು ಮಾರುವವರಿದ್ದಾರೆ. ನೀವು ಶಾಲೆಯಲ್ಲಿ ಮಾಡಿಸುತ್ತಿದ್ದಂಥ ಒಂದು ಪ್ರಯೋಗದಿಂದ ಇದನ್ನು ಕಂಡುಹಿಡಿಯಬಹುದು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಫ್ಯೂಸ್ ಹಾಕಿದ ತಂತಿಯಲ್ಲಿ ಒಂದು ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಹಚ್ಚಿ, ಗಡಿಯಾರ ನೋಡಿಕೊಳ್ಳಿ. ಬಲ್ಬು ಸುಡುವಷ್ಟು ಕಾಯುತ್ತದೆ, ಕಲ್ಲಿನ ಮೇಲಿಡಿ. ಸುಮಾರು ಐದು ಆಂಪಿಯರ್ ಎಳೆಯುವ ಆ ಬಲ್ಬು ಹದಿನೆಂಟರಿಂದ ಇಪ್ಪತ್ತು ತಾಸು ಉರಿಯಬೇಕು. ಹನ್ನೆರಡು ತಾಸಿಗೇ ಆರಿದರೆ ಮೇಲೆ ಬರೆದಿರುವ 100 ಸುಳ್ಳು. ವಾರಂಟಿ ಚೀಟಿ ಹಿಡಿದು ವಾಪಸು ಕೊಡಿ.

ಇನ್ನು ತುಂಬಿಸುವ ಮಾತು. ಗಾಡಿ ಓಡುವಾಗ ಎಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರ್ ಕರೆಂಟು ಹುಟ್ಟಿಸುತ್ತದೆ, ನಿಮ್ಮ ಮೊದಲ ಆಸರೆ ಅದೇ. ಆದರೆ ಲಿಥಿಯಂ ಬ್ಯಾಟರಿಯನ್ನು ಅದಕ್ಕೆ ನೇರ ಕಟ್ಟಬಾರದು. ಖಾಲಿಯಾದ ಲಿಥಿಯಂ ಸಿಕ್ಕಷ್ಟನ್ನೂ ಒಂದೇ ಉಸಿರಿಗೆ ಎಳೆದುಕೊಳ್ಳುತ್ತದೆ, ಘಟ್ಟದಲ್ಲಿ ಲಾರಿಯ ಹಿಂದೆ ತೆವಳುತ್ತಿರುವಾಗ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. 2020ರ ಏಪ್ರಿಲ್‌ನಿಂದ ಬಂದ ಹಲವು ಬಿಎಸ್6 ಗಾಡಿಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಗಾಡಿಯ ಕಂಪ್ಯೂಟರೇ ಏರಿಳಿಸುವುದರಿಂದ ಹಳೆಯ ಕಾಲದ ರಿಲೇ ಪದ್ಧತಿ ಸರಿಯಾಗಿ ತುಂಬಿಸುವುದೂ ಇಲ್ಲ. ಎರಡಕ್ಕೂ ಮದ್ದು ಆಲ್ಟರ್ನೇಟರಿಗೂ ಲಿಥಿಯಂ ಬ್ಯಾಟರಿಗೂ ನಡುವೆ ಕೂರುವ ಡಿಸಿ-ಡಿಸಿ ಚಾರ್ಜರ್. ನಿಮ್ಮದು ಚಿಕ್ಕ ಪೆಟ್ರೋಲ್ ಗಾಡಿ, 20 ಆಂಪಿಯರಿನದಕ್ಕಿಂತ ದೊಡ್ಡದು ಹಾಕಬೇಡಿ. ಆಲ್ಟರ್ನೇಟರಿನ ತಾಕತ್ತು ಎಷ್ಟೆಂದು ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಂಡೇ ಹಾಕಿಸಿ. ತಾಸಿಗೆ ಸುಮಾರು 250 ವ್ಯಾಟ್-ಅವರ್ ತುಂಬುತ್ತದೆ. ಹಾವೇರಿಯಿಂದ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದಕ್ಕೆ ಮೂರೂವರೆ ನಾಲ್ಕು ತಾಸು ಹಿಡಿಯುತ್ತದೆ. ಗೋಕರ್ಣ ತಲುಪುವಾಗ ನಿಮ್ಮ ಬ್ಯಾಟರಿ ಭರ್ತಿಯಾಗಿರುತ್ತದೆ. ಅದಲ್ಲದೆ ಮನೆಯ ಪ್ಲಗ್ಗಿನಿಂದ ತುಂಬಿಸಲು 10 ಆಂಪಿಯರಿನ ಎಲ್‌ಎಫ್‌ಪಿ ಚಾರ್ಜರೊಂದು ಜೊತೆಗಿರಲಿ. ಯಾತ್ರಿ ನಿವಾಸದಲ್ಲೋ ಪರಿಚಯದವರ ಮನೆಯಲ್ಲೋ ಒಂದು ರಾತ್ರಿ ಪ್ಲಗ್ ಸಿಕ್ಕಿದರೆ ಬೆಳಗಾಗುವುದರೊಳಗೆ ತುಂಬಿಬಿಡುತ್ತದೆ.

ಈಗ ಪ್ಯಾನೆಲ್. ಕರ್ನಾಟಕದ ಹೆಚ್ಚಿನ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೀಳುತ್ತದೆ. 200 ವ್ಯಾಟಿನ ಪ್ಯಾನೆಲ್ ಇದ್ದರೆ 1000 ಬರಬೇಕು. ಬಿಸಿ, ಧೂಳು, ತಂತಿ ಎಲ್ಲ ಕಳೆದು 700 ಎಂದು ಹಿಡಿಯಿರಿ. ಆದರೆ ಸರಾಸರಿಯ ಮೇಲೆ ಪ್ರವಾಸ ಮಾಡಲಾಗುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನಿಂತಿರುವುದು ಅಲ್ಲಿನ ಒಣ ಬಿಸಿಲಿನ ಬಲದ ಮೇಲೆ. ನೀವು ಮಳೆಗಾಲದಲ್ಲಿ ಹೋಗಬೇಕೆಂದಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಪಾವಗಡದಲ್ಲಿ 700 ಕೊಟ್ಟ ಪ್ಯಾನೆಲ್ಲು ಜುಲೈ ತಿಂಗಳ ಆಗುಂಬೆಯ ಮರದಡಿ 100 ಕೊಟ್ಟರೆ ಪುಣ್ಯ. ಮಳೆಗಾಲದ ಮಲೆನಾಡಿಗೆ ಸೋಲಾರನ್ನು ಲೆಕ್ಕಕ್ಕೇ ಹಿಡಿಯಬೇಡಿ. ದಿನವೂ ಮೂರು ತಾಸು ಗಾಡಿ ಓಡುವ ಹಾಗೆ, ಇಲ್ಲವೇ ಪ್ಲಗ್ ಸಿಗುವ ಹೋಮ್‌ಸ್ಟೇ ಅಂಗಳದಲ್ಲಿ ನಿಲ್ಲುವ ಹಾಗೆ ಯೋಜನೆ ಹಾಕಿ.

ಕರಾವಳಿಯಲ್ಲಿ ತೊಡಕು ಬೇರೆ. ಅಲ್ಲಿ ಬಿಸಿಲು ಬೇಕಾದಷ್ಟಿದೆ, ಆದರೆ ಆ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಒಳಗೆ ಮನುಷ್ಯರು ಇರಲಾಗುವುದಿಲ್ಲ, ಫ್ರಿಜ್ಜು ಬಿಡುವಿಲ್ಲದೆ ಓಡುತ್ತದೆ. ಎಲ್ಲರೂ ಗಾಳಿಮರದ ನೆರಳನ್ನೇ ಹುಡುಕುತ್ತಾರೆ, ಮೇಲಿನ ಪ್ಯಾನೆಲ್ಲೂ ನೆರಳಿಗೆ ಹೋಗುತ್ತದೆ. ಪ್ಯಾನೆಲ್ಲಿನ ಸೆಲ್ಲುಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಿದವಾದ್ದರಿಂದ ಒಂದು ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಆ ಸಾಲಿನ ಹರಿವೇ ಕುಗ್ಗುತ್ತದೆ. ಅದಕ್ಕೇ ನನ್ನ ಸಲಹೆ: 200 ವ್ಯಾಟನ್ನು ಎರಡು ಮಾಡಿ. ಒಂದು 100 ವ್ಯಾಟಿನದು ಮೇಲಿನ ಕ್ಯಾರಿಯರಿಗೆ ಬೋಲ್ಟ್ ಹಾಕಿ ಕೂರಲಿ, ತಗಡಿಗೆ ಅಂಟದೆ ಮೂರು ಬೆರಳಿನಷ್ಟು ಸಂದು ಇರಲಿ. ಕೆಳಗೆ ಗಾಳಿಯಾಡದಿದ್ದರೆ ಪ್ಯಾನೆಲ್ ಕಾದು ಎಂಟರಲ್ಲೊಂದು ಪಾಲು ಕರೆಂಟು ಸುಮ್ಮನೆ ಹೋಗುತ್ತದೆ. ಇನ್ನೊಂದು 100 ವ್ಯಾಟಿನದು ಬಿಡಿಯಾಗಿರಲಿ, ಉದ್ದ ತಂತಿಯೊಂದಿಗೆ. ಗಾಡಿ ನೆರಳಿನಲ್ಲಿ, ಅದು ಬಿಸಿಲಿನಲ್ಲಿ. ದೀಪಾವಳಿ ಕಳೆದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಡಿ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿದರೆ ಇನ್ನಷ್ಟು ಸಿಗುತ್ತದೆ. ಸಂಜೆ ಎತ್ತಿ ಒಳಗಿಡಿ. ಉಪ್ಪುಗಾಳಿಯ ಊರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಒರೆಸಿ.

ಎರಡು ರಾತ್ರಿಯ ಲೆಕ್ಕ ಈಗ ನೋಡಿ. ಮೊದಲ ದಿನ ಸಂಜೆ ಐದಕ್ಕೆ ಭರ್ತಿ ಬ್ಯಾಟರಿಯೊಂದಿಗೆ ನಿಂತು ಮೂರನೆಯ ದಿನ ಬೆಳಗ್ಗೆ ಎಂಟಕ್ಕೆ ಹೊರಟರೆ 39 ತಾಸು, ಖರ್ಚು ಸುಮಾರು 1450. ಬ್ಯಾಟರಿಯಲ್ಲಿ 1150 ಇದೆ. ಪ್ಯಾನೆಲ್ಲೇ ಇಲ್ಲದಿದ್ದರೂ ಕೊರತೆ 300, ಅಂದರೆ ಮಧ್ಯದ ದಿನ ಒಂದು ತಾಸಿಗೆ ಸ್ವಲ್ಪ ಹೆಚ್ಚು ಗಾಡಿ ಓಡಿಸಿದರೆ ಸಾಕು. ಹೇಗೂ ಸುತ್ತಲಿನ ಜಾಗ ನೋಡಲು ಹೋಗುತ್ತೀರಿ. ಒಳ್ಳೆಯ ಬಿಸಿಲು ಸಿಕ್ಕರೆ 700 ಬಂದು ಗಾಡಿ ಅಲ್ಲಾಡಿಸುವ ಅಗತ್ಯವೇ ಇಲ್ಲ. ದುಡ್ಡು ಸಾಲದಿದ್ದರೆ ಫ್ರಿಜ್ಜು, ಬ್ಯಾಟರಿ, ಡಿಸಿ-ಡಿಸಿ ಚಾರ್ಜರ್, ಒಳ್ಳೆಯ ತಂತಿ ಮೊದಲು. ಪ್ಯಾನೆಲ್ಲು ಬರುವ ವರ್ಷ.

ತಂತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನಿಮ್ಮ ಬೆಂಕಿಯ ಭಯ ಸರಿಯಾದದ್ದೇ, ಬ್ಯಾಟರಿಗಿಂತ ತಂತಿಯ ಕಡೆಗೆ ಅದನ್ನು ತಿರುಗಿಸಬೇಕು. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಂತಿಯನ್ನೇ ಎಂಜಿನ್ನಿನಿಂದ ಹಿಂದಕ್ಕೆ ಎಳೆದರು ಅಂದುಕೊಳ್ಳಿ, ಹೋಗಲು ಐದು ಮೀಟರ್, ಬರಲು ಐದು. ಅದರಲ್ಲಿ 25 ಆಂಪಿಯರ್ ಹರಿದರೆ ಸುಮಾರು 1.85 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಗುಣಿಸಿ ನೋಡಿ, 46 ವ್ಯಾಟ್: ನಿಮ್ಮ ಫ್ರಿಜ್ಜು ಓಡುವಾಗ ಎಳೆಯುವಷ್ಟು ಕರೆಂಟು ಹಾಸಿಗೆಯ ಕೆಳಗಿನ ತಂತಿಯನ್ನು ಕಾಯಿಸುತ್ತಿರುತ್ತದೆ. ಅದೇ 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಾದರೆ ಕಳೆಯುವುದು 0.3 ವೋಲ್ಟಿನಷ್ಟು. ಬೆಲೆ ಹೆಚ್ಚು, ಆದರೆ ಇಲ್ಲಿ ಉಳಿತಾಯ ಮಾಡಬಾರದು.

ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ಆದ್ದರಿಂದ ಅದು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಗಾಡಿಯದೇ ಆದ ಮುಂದಿನ ಬ್ಯಾಟರಿಗೂ ಹಿಂದಿನ ಲಿಥಿಯಂ ಬ್ಯಾಟರಿಗೂ ನಡುವೆ ಹೋಗುವ ಕೇಬಲ್ಲಿಗೆ ಎರಡೂ ತುದಿಯಲ್ಲಿ 40 ಆಂಪಿಯರ್ ಫ್ಯೂಸ್ ಬೇಕು, ಏಕೆಂದರೆ ಎರಡೂ ಕಡೆಯಿಂದ ಕರೆಂಟು ನುಗ್ಗಬಲ್ಲದು. ಫ್ರಿಜ್ಜಿಗೆ ಪ್ರತ್ಯೇಕ 10 ಆಂಪಿಯರ್, ದೀಪ-ಫ್ಯಾನಿಗೆ ಪ್ರತ್ಯೇಕ. ಮನೆಯ ಮೀಟರ್ ಬೋರ್ಡಿನ ಎಸಿ ಎಂಸಿಬಿ ಇಲ್ಲಿ ನಡೆಯುವುದಿಲ್ಲ, ಡಿಸಿಗೆಂದೇ ಮಾಡಿದ್ದು ಬೇಕು. ಕೇಬಲ್ಲಿನ ತುದಿಗೆ ಲಗ್ ಹಾಕುವಾಗ ಸುತ್ತಿಗೆಯಲ್ಲಿ ಜಜ್ಜಿದ್ದನ್ನು ಒಪ್ಪಬೇಡಿ, ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ. ಜೋರಾಗಿ ಎಳೆದರೂ ಬರಬಾರದು. ಕೇಬಲ್ಲು ತಗಡಿನ ತೂತಿನಲ್ಲಿ ಹಾಯುವ ಕಡೆ ಬೆರಳಾಡಿಸಿ ನೋಡಿ. ಆ ಅಂಚು ಬ್ಲೇಡಿನಂತಿರುತ್ತದೆ, ರಬ್ಬರಿನ ಬಳೆ ಕೂರಿಸದಿದ್ದರೆ ಘಟ್ಟದ ಕುಲುಕಾಟಕ್ಕೆ ಕೇಬಲ್ಲಿನ ಮೈ ಸವೆದು ತಾಮ್ರ ತಗಡಿಗೆ ತಾಗುತ್ತದೆ. ಈಕೋದಲ್ಲಿ ಎಂಜಿನ್ನು ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ಅಲ್ಲಿ ನೆಲ ಕಾಯುತ್ತದೆ. ಲಿಥಿಯಂ ಬ್ಯಾಟರಿ ಹಿಂದೆ ಇರಲಿ, ಬೆಲ್ಟಿನಲ್ಲಿ ಬಿಗಿದು ಕಟ್ಟಿರಲಿ. ಫ್ರಿಜ್ಜನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಬೇಡಿ. ಕುಲುಕಿಗೆ ಅದು ಸಡಿಲಾಗಿ ರಾತ್ರಿ ಯಾವಾಗಲೋ ಫ್ರಿಜ್ಜು ನಿಂತಿರುತ್ತದೆ, ನಿಮಗೆ ತಿಳಿಯುವುದು ಬೆಳಗ್ಗೆ. ತಿರುಪಿ ಬಿಗಿಸುವ ಕನೆಕ್ಟರ್ ಹಾಕಿಸಿ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ವೋಲ್ಟ್ ಮೀಟರ್ ಸಾಲದು. ಎಲ್‌ಎಫ್‌ಪಿ ಬ್ಯಾಟರಿ ಎಂಬತ್ತು ಭಾಗ ಇದ್ದಾಗಲೂ ನಲವತ್ತು ಭಾಗ ಇದ್ದಾಗಲೂ ಹೆಚ್ಚುಕಮ್ಮಿ ಅದೇ 13.2 ತೋರಿಸುತ್ತದೆ, ಆಮೇಲೆ ಒಮ್ಮೆಗೇ ಕುಸಿದು ಆಫ್ ಆಗುತ್ತದೆ. ಶಂಟ್ ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ಒಳಹೋದದ್ದು, ಹೊರಬಂದದ್ದು ಲೆಕ್ಕವಿಟ್ಟು ಶೇಕಡಾ ಎಷ್ಟು ಎಂದು ತೋರಿಸುತ್ತದೆ. ಮೂವತ್ತಕ್ಕೆ ಇಳಿದರೆ ಫ್ಯಾನು ನಿಲ್ಲಿಸಿ, ಫ್ರಿಜ್ಜು ಉಳಿಸಿ.

ಈಗ ಮುಖ್ಯ ವಿಷಯ, ಇನ್ಸುಲಿನ್. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಬಳಕೆಯಲ್ಲಿರುವ ವಯಲ್ ಅಥವಾ ಪೆನ್ನನ್ನು 25–30 ಡಿಗ್ರಿಯೊಳಗೆ ಹೊರಗೇ ಸುಮಾರು ನಾಲ್ಕು ವಾರ ಇಡಬಹುದು. ನಿಮ್ಮ ಇನ್ಸುಲಿನ್‌ಗೆ ಎಷ್ಟು ದಿನ, ಎಷ್ಟು ಡಿಗ್ರಿ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿದೆ, ನಿಮ್ಮ ವೈದ್ಯರನ್ನೂ ಕೇಳಿ. ಅಂದಮೇಲೆ ರಾತ್ರಿ ಒಂದೆರಡು ತಾಸು ಫ್ರಿಜ್ಜು ನಿಂತರೆ ಔಷಧಿ ಹಾಳಾಗುವುದಿಲ್ಲ, ಮುಚ್ಚಳ ತೆರೆಯದಿದ್ದರೆ ತಂಪು ಬೆಳಗಿನವರೆಗೂ ಹಿಡಿದಿರುತ್ತದೆ. ಈ ಒಂದು ಸಂಗತಿ ನಿಮ್ಮ ಅರ್ಧ ಚಿಂತೆಯನ್ನು ಇಳಿಸಬೇಕು. ಬಿಸಿಗಿಂತಲೂ ಹೆಚ್ಚು ಹೆದರಬೇಕಾದದ್ದು ಹೆಪ್ಪುಗಟ್ಟುವುದಕ್ಕೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ನೋಡಲು ಮೊದಲಿನಂತೆಯೇ ಕಂಡರೂ ಬಳಸಬಾರದು. ಈ ಚಿಕ್ಕ ಫ್ರಿಜ್ಜುಗಳಲ್ಲಿ ಗೋಡೆಯ ಪಕ್ಕ ಸೊನ್ನೆಗಿಂತ ಕೆಳಗೂ ಹೋಗುತ್ತದೆ. 5 ಡಿಗ್ರಿಗೆ ಇಡಿ, ಇನ್ಸುಲಿನನ್ನು ಡಬ್ಬಿಯಲ್ಲಿ ಹಾಕಿ ನಡುವೆ ಇಡಿ, ಅದರ ಪಕ್ಕದಲ್ಲೇ ಕನಿಷ್ಠ-ಗರಿಷ್ಠ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಇಡಿ. ಬೆಳಗ್ಗೆ ಎದ್ದು ರಾತ್ರಿಯಿಡೀ ಎಷ್ಟರಿಂದ ಎಷ್ಟಕ್ಕೆ ಹೋಗಿತ್ತೆಂದು ನೋಡಬಹುದು.

ಇಷ್ಟಾದರೂ ಒಂದೇ ಫ್ರಿಜ್ಜಿನ ಮೇಲೆ ಎಲ್ಲವನ್ನೂ ಬಿಡಬೇಡಿ. ಸಂಗ್ರಹವನ್ನು ಎರಡು ಪಾಲು ಮಾಡಿ, ಒಂದು ಫ್ರಿಜ್ಜಿನಲ್ಲಿ, ಇನ್ನೊಂದು ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ಪ್ಯಾಕಿನ ಜೊತೆ, ಬಟ್ಟೆ ಸುತ್ತಿ. ಐಸ್ ಪ್ಯಾಕಿಗೆ ನೇರ ತಾಗಬಾರದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ರಾಯಚೂರು, ಬಳ್ಳಾರಿಯ ಒಣ ಹವೆಯಲ್ಲಿ ಚೆನ್ನಾಗಿ ತಂಪು ಕೊಡುತ್ತದೆ, ಆದರೆ ಗೋಕರ್ಣದ ತೇವದ ಗಾಳಿಯಲ್ಲಿ ನೀರು ಆರುವುದೇ ಇಲ್ಲ, ಅಲ್ಲಿ ಅದನ್ನು ನಂಬಬೇಡಿ. ಗಾಡಿ ಬಿಸಿಲಿನಲ್ಲಿ ಬಿಟ್ಟು ದೇವಸ್ಥಾನಕ್ಕೆ ಹೋಗುವಾಗ ಪೆನ್ನು ನಿಮ್ಮ ಕೈಚೀಲದಲ್ಲಿರಲಿ, ಡ್ಯಾಶ್‌ಬೋರ್ಡಿನ ಮೇಲೆ ಬೇಡ. ವೈದ್ಯರ ಚೀಟಿಯ ಪ್ರತಿ ಜೊತೆಗಿದ್ದರೆ ಕುಮಟಾ, ಭಟ್ಕಳ, ಕುಂದಾಪುರದಂಥ ಊರಿನ ಮೆಡಿಕಲ್ ಅಂಗಡಿಗಳಲ್ಲಿ ತೆಗೆದುಕೊಳ್ಳಬಹುದು.

ಲಡಾಖಿಗೆ ಈ ಲೆಕ್ಕ ತಲೆಕೆಳಗು. ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ದಿನಗಳಲ್ಲಿ ಎಲ್‌ಎಫ್‌ಪಿ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಸೆಲ್ಲು ಶಾಶ್ವತವಾಗಿ ಕೆಡುತ್ತದೆ. ತಂಪಾದಾಗ ಚಾರ್ಜಿಂಗ್ ತಾನೇ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಇರುವುದನ್ನೇ ಈಗಲೇ ಕೊಳ್ಳಿ. ಇನ್ಸುಲಿನನ್ನು ಅಲ್ಲಿ ಸ್ವೆಟರಿನೊಳಗಿನ ಜೇಬಿನಲ್ಲಿ ಬೆಚ್ಚಗೆ ಇಡಬೇಕಾಗುತ್ತದೆ.

ಹಾಸಿಗೆ ಮಾಡಿಸುವಾಗ ಒಂದು ಮಾತು ಮನೆಯವರಿಗೆ ಹೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ; 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಸೀಟು ಕಿತ್ತು ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಲಿ. ಸೀಟು ಮಡಚಿ ಅದರ ಮೇಲೆ ಕೂರುವ, ಬಿಚ್ಚಿ ತೆಗೆಯಬಹುದಾದ ಹಾಸಿಗೆ, ಬಿಚ್ಚಬಹುದಾದ ಬ್ಯಾಟರಿ ಪೆಟ್ಟಿಗೆ ಮಾಡಿಸುವುದು ಜಾಣತನ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿಬಿಡಿ.

ಹೊರಡುವ ಹದಿನೈದು ದಿನ ಮೊದಲು ನಿಮ್ಮ ಅಂಗಳದಲ್ಲೇ ಗಾಡಿ ನಿಲ್ಲಿಸಿ ಎರಡು ರಾತ್ರಿ ಅದರಲ್ಲೇ ಮಲಗಿ. ಫ್ರಿಜ್ಜಿನಲ್ಲಿ ಇನ್ಸುಲಿನ್ ಬದಲು ನೀರು ತುಂಬಿದ ಪುಟ್ಟ ಶೀಸೆ ಇಡಿ. ಬೆಳಗ್ಗೆ ಸಂಜೆ ಮಾನಿಟರಿನ ಅಂಕಿ, ಥರ್ಮಾಮೀಟರಿನ ಅಂಕಿ ಬರೆದಿಡಿ, ಕೇಬಲ್ಲಿನ ಪ್ರತಿ ಜೋಡಣೆಗೂ ಅಂಗೈ ಸೋಕಿಸಿ ಬಿಸಿಯಿದೆಯೇ ನೋಡಿ. ನಾನು ಕೊಟ್ಟ ಅಂಕಿಗಳು ಅಂದಾಜು. ಆ ಹಾಳೆಯಲ್ಲಿರುವುದು ನಿಮ್ಮ ಗಾಡಿಯ ನಿಜ. ಏನಾದರೂ ಕೆಡುವುದಿದ್ದರೆ ಅಲ್ಲೇ ಕೆಡಲಿ, ಹತ್ತು ಹೆಜ್ಜೆಗೆ ಮನೆಯಿದೆ.

ಅಂಗಡಿಯ ಹುಡುಗನ ವಿಷಯ. ಅವನಿಗೆ ಬೇಡ ಅನ್ನುವ ಅಗತ್ಯವೇ ಇಲ್ಲ ಅಕ್ಕೋರೇ, ಬೇರೆಯದು ಬೇಕು ಅನ್ನಿ. ಈ ಲೆಕ್ಕದ ಹಾಳೆಯನ್ನು ಮುಂದಿಟ್ಟು ಅವನೊಂದಿಗೆ ಕೂತು ಓದಿ. ನಿಮ್ಮ ಕೈಯಲ್ಲಿ ಗುಣಾಕಾರ ಕಲಿತವನು, 38 ವೋಲ್ಟ್ 13 ಆದಾಗ ಏನಾಗುತ್ತದೆಂದು ನೀವು ಬರೆದು ತೋರಿಸಿದರೆ ಬೇಸರಪಟ್ಟುಕೊಳ್ಳುವುದಿಲ್ಲ. 16 ಚದರ ಮಿಲಿಮೀಟರಿನ ಕೇಬಲ್, ಲಗ್ಗು, ಡಿಸಿ ಫ್ಯೂಸುಗಳು, ಎಂಪಿಪಿಟಿ ಕಂಟ್ರೋಲರ್, 100 ವ್ಯಾಟಿನ ಒಂದು ಪ್ಯಾನೆಲ್ ಅವನ ಅಂಗಡಿಯಿಂದಲೇ ತಗೊಳ್ಳಿ, ಮುಂಗಡ ಅದಕ್ಕೆ ವಜಾ ಆಗಲಿ. ಎಲ್‌ಎಫ್‌ಪಿ ಬ್ಯಾಟರಿಯನ್ನು ವಾರಂಟಿ ಸಮೇತ ತರಿಸಿಕೊಡುತ್ತಾನಾದರೆ ಅದೂ ಅವನಲ್ಲೇ ಆಗಲಿ, ಮೇಲೆ ಹೇಳಿದ ಬಲ್ಬಿನ ಪರೀಕ್ಷೆಯನ್ನು ಅವನ ಅಂಗಡಿಯಲ್ಲೇ ಮಾಡಿಸಿ. ಜೋಡಿಸುವ ಕೆಲಸವನ್ನೂ ಅವನಿಗೇ ಕೊಡಿ. ಕೆಟ್ಟರೆ ಪೇಟೆಯಲ್ಲೇ ಸಿಗುವ ಮನುಷ್ಯ ಅವನು. ಬಿಲ್ಲಿನಲ್ಲಿ ಮಾತ್ರ ಕೇಬಲ್ಲಿನ ದಪ್ಪ, ಪ್ರತಿ ಫ್ಯೂಸಿನ ಆಂಪಿಯರ್, ಬ್ಯಾಟರಿಯ ಕ್ರಮಸಂಖ್ಯೆ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಗಾಡಿಯ ಕಾಗದಪತ್ರಗಳ ಜೊತೆ ಇಡಿ.